ಲಿಫ್ಟ್ ಕಿಟ್: ಎಷ್ಟು ಇಂಚು ಅನ್ನೋದನ್ನು ಕೊನೆಗೆ ಕೇಳಿ

ಲಿಫ್ಟ್ ಕಿಟ್ ಹಾಕಿ, ಅಂದರೆ ಸಸ್ಪೆನ್ಷನ್ ಭಾಗಗಳನ್ನು ಬದಲಿಸಿ ಇಲ್ಲವೇ ಸೇರಿಸಿ, ಫೋರ್ ವೀಲ್ ಡ್ರೈವ್ ಪಿಕಪ್ ಎತ್ತರಿಸುವ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಒಂದೇ ತರಹದವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ನನ್ನದು ಡಬಲ್ ಕ್ಯಾಬ್ ಪಿಕಪ್. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಚಕ್ರ ಬೇರೆ ಬೇರೆಯಾಗಿ ಏರಿಳಿಯುವಂಥದ್ದು), ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳು). ದಿನಾ ಓಡಾಟ ಟಾರ್ ರಸ್ತೆಯಲ್ಲೇ. ರಜೆ ಸಿಕ್ಕಾಗ ಕಲ್ಲು, ಕೊರಕಲಿನ ದಾರಿ ಹಿಡಿಯುತ್ತೇನೆ. 2 ಇಂಚಿನ ಕಿಟ್ ಸಾಕಾ? ಗೆಳೆಯರೆಲ್ಲ 4 ಇಂಚು ಹಾಕ್ಸು ಅಂತಾರೆ.

ಉತ್ತರ: 2 ಸಾಕು. ಆದರೆ ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ನೀವು ಬರೆದದ್ದರಲ್ಲಿ ಎರಡು ಮುಖ್ಯ ಸಂಗತಿಗಳೇ ಇಲ್ಲ. ಯಾವ ಅಳತೆಯ ಟೈರ್ ಹಾಕಬೇಕು ಅಂದ್ಕೊಂಡಿದ್ದೀರಿ? ಗಾಡಿ ಮೇಲೆ ಸದಾ ಎಷ್ಟು ಭಾರ ಇರುತ್ತದೆ? ಇವೆರಡು ಗೊತ್ತಾದರೆ ಎಷ್ಟು ಇಂಚು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಮೊದಲು ಟೈರ್. ಹಿಂದಿನ ಆಕ್ಸಲ್‌ನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಗೂಡು) ಇದೆಯಲ್ಲ, ಕಲ್ಲಿಗೆ ಮೊದಲು ತಗಲುವುದು ಬಹಳ ಸಲ ಅದೇ. ಲಿಫ್ಟ್ ಕಿಟ್ ಎಷ್ಟೇ ಇಂಚಿನದ್ದಾಗಲಿ, ಅದನ್ನು ಒಂದು ಕೂದಲಿನಷ್ಟೂ ಮೇಲೆತ್ತುವುದಿಲ್ಲ. ಕಿಟ್ ಎತ್ತುವುದು ಚಾಸಿಯನ್ನು, ಅಂದರೆ ಬಾಡಿ ಹೊತ್ತಿರುವ ಉಕ್ಕಿನ ಚೌಕಟ್ಟನ್ನು. ಆಕ್ಸಲ್ ಮೇಲೇರಬೇಕಾದರೆ ಟೈರೇ ದೊಡ್ಡದಾಗಬೇಕು, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು ಮಾತ್ರ ಲಾಭ. 265/70 ಆರ್ 17 ಟೈರಿನ ವ್ಯಾಸ ಸುಮಾರು 803 ಮಿಲಿಮೀಟರ್. 285/70 ಆರ್ 17 ಹಾಕಿದರೆ ಸುಮಾರು 831. ವ್ಯತ್ಯಾಸ 28, ಡಿಫರೆನ್ಷಿಯಲ್ ಮೇಲೇರಿದ್ದು 14 ಮಿಲಿಮೀಟರ್. ಇಷ್ಟೇನಾ ಅನ್ನಿಸಬಹುದು. ಇಷ್ಟೇ. ಈ ಟೈರ್ ಪೂರ್ತಿ ತಿರುಗಿಸಿದಾಗಲೂ, ಗುಂಡಿಗೆ ಇಳಿದು ಸಸ್ಪೆನ್ಷನ್ ಒತ್ತಿಕೊಂಡಾಗಲೂ ಫೆಂಡರ್‌ಗೆ ಉಜ್ಜದ ಹಾಗೆ ಜಾಗ ಮಾಡಿಕೊಡುವುದೇ ಲಿಫ್ಟ್‌ನ ದೊಡ್ಡ ಕೆಲಸ. ಜೊತೆಗೆ ಚಾಸಿ, ಬಂಪರ್ ಮೇಲೇರುವುದರಿಂದ ಕಡಿದಾದ ಏರು ಹತ್ತುವಾಗ ಮೂತಿ ನೆಲಕ್ಕೆ ತಾಗುವುದು ಕಡಿಮೆಯಾಗುತ್ತದೆ. ಈ ಅಳತೆಯ ಟೈರ್‌ಗೆ ಬಹಳಷ್ಟು ಪಿಕಪ್‌ಗಳಲ್ಲಿ 2 ಇಂಚು ಲಿಫ್ಟ್, ಒಳಗಿನ ಪ್ಲಾಸ್ಟಿಕ್ ಲೈನರ್ ಸ್ವಲ್ಪ ಕತ್ತರಿಸುವುದು, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಟೈರ್ ಬದಲಿಸಿದ ಮೇಲೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ನೆನಪಿರಲಿ. ಮೊದಲು ಮುಳ್ಳು ಸರಿಯಾಗಿತ್ತು ಅಂತಿಟ್ಟುಕೊಂಡರೆ, ಈಗ ಅದು 100 ಅಂದಾಗ ನೀವು ಹೋಗುತ್ತಿರುವುದು ಸುಮಾರು 103.5.

ಈಗ 4 ಇಂಚಿನ ಕಥೆ. ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಚಾಸಿ ಮೇಲೇರಿದಷ್ಟೂ ಚಕ್ರವನ್ನು ಚಾಸಿಗೆ ಸೇರಿಸುವ ಆರ್ಮ್‌ಗಳು ಕೆಳಕ್ಕೆ ಬಾಗುತ್ತವೆ. ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್‌ನ ಸಿವಿ ಜಾಯಿಂಟ್ (ಓರೆಯಲ್ಲಿದ್ದರೂ ಶಾಫ್ಟ್ ತಿರುಗಲು ಬಿಡುವ ಕೀಲು) ಜಾಸ್ತಿ ಕೋನದಲ್ಲಿ ತಿರುಗಬೇಕಾಗುತ್ತದೆ. ಅದರ ರಬ್ಬರ್ ಬೂಟ್ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಗ್ರೀಸ್ ಹೊರಗೆ ಎರಚುತ್ತದೆ, ಮರಳು ಒಳಗೆ ಹೋಗುತ್ತದೆ. ಮೇಲಿನ ಆರ್ಮ್‌ನ (ಅಪ್ಪರ್ ಆರ್ಮ್) ತುದಿಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್ ಕೂಡ ತನ್ನ ಮಿತಿಯ ಹತ್ತಿರ ಬರುತ್ತದೆ. ಸಾಮಾನ್ಯವಾಗಿ 2 ಇಂಚಿನವರೆಗೆ ಕಂಪನಿ ಭಾಗಗಳು ತಡೆದುಕೊಳ್ಳುತ್ತವೆ. ಅದಕ್ಕಿಂತ ಮೇಲೆ ಹೋದರೆ ಬೇರೆ ಅಪ್ಪರ್ ಆರ್ಮ್ ಬೇಕು. 4 ಇಂಚು ಅಂದರೆ ಡಿಫರೆನ್ಷಿಯಲ್ಲನ್ನೂ ಲೋವರ್ ಆರ್ಮ್‌ಗಳನ್ನೂ ಬ್ರಾಕೆಟ್ ಹಾಕಿ ಕೆಳಗಿಳಿಸುವ ಕಿಟ್. ತಮಾಷೆ ನೋಡಿ, ಗಾಡಿ ಎತ್ತರಿಸಿ ಡಿಫರೆನ್ಷಿಯಲ್ಲನ್ನು ಮತ್ತೆ ಕೆಳಗೆ ತರುತ್ತೇವೆ! ಕೆಲವು ಕಿಟ್‌ಗಳಲ್ಲಿ ಚಾಸಿಯ ಅಡ್ಡಪಟ್ಟಿಯನ್ನೇ ಕತ್ತರಿಸಬೇಕಾಗುತ್ತದೆ. ಆಮೇಲೆ ಹಳೆಯ ಸ್ಥಿತಿಗೆ ತರುವುದು ಸುಲಭವಲ್ಲ. ತುಂಬಾ ದೊಡ್ಡ ಟೈರ್ ಹಾಕಲೇಬೇಕು ಅನ್ನುವವರಿಗೆ ಅದು ಸರಿ. ನಿಮ್ಮ ಓಡಾಟಕ್ಕೆ ಬೇಡ.

ಪ್ರಶ್ನೆ: ಮುಂದೆ ಸ್ಪೇಸರ್ (ಎತ್ತರ ಹೆಚ್ಚಿಸಲು ಇಡುವ ದಪ್ಪ ಬಿಲ್ಲೆ) ಹಾಕಿದರೂ 2 ಇಂಚು ಬರುತ್ತೆ, ಸ್ಪ್ರಿಂಗ್ ಮತ್ತು ಶಾಕ್ (ಶಾಕ್ ಅಬ್ಸಾರ್ಬರ್) ಬದಲಿಸಿದರೂ 2 ಇಂಚೇ ಬರುತ್ತೆ. ಹಾಗಾದ್ರೆ ಸುಮ್ನೆ ಜಾಸ್ತಿ ದುಡ್ಡು ಯಾಕೆ ಸುರೀಬೇಕು?

ಉತ್ತರ: ನೋಡಲಷ್ಟೇ ಎತ್ತರ ಬೇಕಾದರೆ, ಅಥವಾ ಮುಂದೆ ತಗ್ಗಿ ಹಿಂದೆ ಎತ್ತಿದ ಭಂಗಿ ಸರಿ ಮಾಡಿದರೆ ಸಾಕು ಅನ್ನುವುದಾದರೆ ಸುರಿಯಬೇಡಿ. ಹಿಂಭಾಗ ಎತ್ತರ ಇರುವುದಕ್ಕೂ ಒಂದು ಕಾರಣ ಇದೆ. ಲೋಡ್ ಹಾಕಿದಾಗ ಅದು ಇಳಿದು ಸಮಕ್ಕೆ ಬರಬೇಕು. ಮುಂದೆ ಮಾತ್ರ ಎತ್ತಿದ ಪಿಕಪ್‌ಗೆ ಪೂರ್ತಿ ಲೋಡ್ ಹಾಕಿ ರಾತ್ರಿ ಓಡಿಸಿ ನೋಡಿ, ಎದುರಿನಿಂದ ಬರುವವರೆಲ್ಲ ಲೈಟ್ ಮಿಟುಕಿಸುತ್ತಾರೆ.

ಸ್ಪೇಸರ್ ಕೊಳ್ಳುವಾಗ ಒಂದು ಅಳತೆ ತಿಳಿದಿರಲಿ. ಸ್ಪ್ರಿಂಗ್ ಮತ್ತು ಶಾಕ್ ಒಂದಾಗಿರುವ ಸ್ಟ್ರಟ್ ಚಕ್ರದ ಹತ್ತಿರ ಇರುವುದಿಲ್ಲ, ಆರ್ಮ್‌ನ ನಡುಭಾಗಕ್ಕೆ ಕೂತಿರುತ್ತದೆ. ಹಾಗಾಗಿ ಅದರ ತಲೆ ಮೇಲೆ 1 ಇಂಚು ಸ್ಪೇಸರ್ ಇಟ್ಟರೆ ಚಕ್ರದಲ್ಲಿ ಹತ್ತಿರ ಹತ್ತಿರ 2 ಇಂಚು ಸಿಗುತ್ತದೆ. ಇದು ಗೊತ್ತಿಲ್ಲದೆ 2 ಇಂಚು ದಪ್ಪದ ಸ್ಪೇಸರ್ ತಂದು ಕೂರಿಸಿದರೆ ಅಪ್ಪರ್ ಆರ್ಮ್ ಸ್ಪ್ರಿಂಗ್‌ಗೆ ತಗಲುತ್ತದೆ, ಬಾಲ್ ಜಾಯಿಂಟ್ ಆಡಲಾಗದೆ ಸಿಕ್ಕಿಕೊಳ್ಳುತ್ತದೆ. ಇದಿಷ್ಟೇ ಅಲ್ಲ. ಸ್ಟ್ರಟ್ ಕೆಳಗೆ ಸರಿದಿರುವುದರಿಂದ, ಗುಂಡಿಗೆ ಬಿದ್ದಾಗ ರಬ್ಬರ್ ಬಂಪ್ ಸ್ಟಾಪ್ ತಡೆಯುವ ಮೊದಲೇ ಶಾಕ್ ಒಳಗೊಳಗೇ ತಳ ಮುಟ್ಟುವ ಅಪಾಯ ಇದೆ. ಕಲ್ಲಿನ ದಾರಿಯಲ್ಲಿ ಅದು ಶಾಕ್‌ನ ಆಯುಷ್ಯವನ್ನೇ ತಿನ್ನುತ್ತದೆ.

ಸ್ಪ್ರಿಂಗ್ ಬದಲಿಸುವುದರ ನಿಜವಾದ ಲಾಭ ಎತ್ತರದ್ದಲ್ಲ, ಭಾರದ್ದು. ಒಳ್ಳೆಯ ಕಂಪನಿಗಳು ಒಂದೇ ಗಾಡಿಗೆ, ಒಂದೇ 2 ಇಂಚಿಗೆ, ಮೂರು ನಾಲ್ಕು ಬಗೆಯ ಸ್ಪ್ರಿಂಗ್ ಕೊಡುತ್ತವೆ. ಕಂಪನಿ ಬಂಪರ್ ಇದ್ದರೆ ಒಂದು, ಉಕ್ಕಿನ ಬಂಪರ್ ಇದ್ದರೆ ಒಂದು, ಬಂಪರ್ ಜೊತೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಇದ್ದರೆ ಇನ್ನೊಂದು. ಉಕ್ಕಿನ ಬಂಪರ್, ವಿಂಚ್ ಸೇರಿದರೆ ಸುಲಭವಾಗಿ 80 ಕಿಲೋ ದಾಟುತ್ತದೆ, ಅದೂ ಮುಂದಿನ ಚಕ್ರಕ್ಕಿಂತ ಮುಂದೆ ತೂಗುತ್ತಿರುತ್ತದೆ. ಇದಕ್ಕಾಗಿ ಮಾಡಿದ ಗಟ್ಟಿ ಸ್ಪ್ರಿಂಗನ್ನು ಖಾಲಿ ಮೂತಿಯ ಗಾಡಿಗೆ ಹಾಕಿದರೆ 2 ಇಂಚಿನ ಬದಲು 3 ಇಂಚು ಏಳುತ್ತದೆ, ಸಣ್ಣ ಉಬ್ಬಿಗೂ ಕುಟ್ಟುತ್ತದೆ. ಚಕ್ರ ಕೆಳಗೆ ಜೋತುಬಿದ್ದಾಗ ಶಾಕ್ ಕೊನೆ ಮುಟ್ಟಿ ಟಕ್ ಅನ್ನುತ್ತದೆ. ಮುಂದೆ ಯಾವತ್ತೋ ವಿಂಚ್ ಹಾಕಿಸ್ತೀನಿ ಅಂತ ಇವತ್ತೇ ಗಟ್ಟಿ ಸ್ಪ್ರಿಂಗ್ ತರಬೇಡಿ. ಇವತ್ತಿನ ಭಾರಕ್ಕೆ ತನ್ನಿ.

ಶಾಕ್‌ಗಳಲ್ಲಿ ಟ್ವಿನ್ ಟ್ಯೂಬ್ (ಎರಡು ಕೊಳವೆ), ಮಾನೋಟ್ಯೂಬ್ (ಒಂದೇ ಕೊಳವೆ), ಹೊರಗೆ ಎಣ್ಣೆಗೆ ಪ್ರತ್ಯೇಕ ಡಬ್ಬಿ ಇರುವಂಥವು ಅಂತ ಬಗೆಗಳಿವೆ. ಒರಟು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಶಾಕ್ ಒಳಗಿನ ಎಣ್ಣೆ ಕಾಯುತ್ತದೆ, ಅಂಥವರಿಗೆ ಡಬ್ಬಿ ಇರುವಂಥದ್ದು ಕೆಲಸಕ್ಕೆ ಬರುತ್ತದೆ. ಮಿಕ್ಕವರಿಗೆ ಉದ್ದ ಸರಿಯಾಗಿರುವ, ಸ್ಪ್ರಿಂಗ್‌ಗೆ ಹೊಂದುವ ಸಾಧಾರಣ ಶಾಕ್ ಸಾಕು. ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ ಕೊಳ್ಳುವುದಕ್ಕಿಂತ ಒಟ್ಟಿಗೆ ಟ್ಯೂನ್ ಮಾಡಿದ ಸೆಟ್ ವಾಸಿ.

ಪ್ರಶ್ನೆ: ಹಿಂದೆ ಆಕ್ಸಲ್‌ಗೂ ಲೀಫ್ ಸ್ಪ್ರಿಂಗ್ ಪಟ್ಟಿಗೂ ನಡುವೆ ಬ್ಲಾಕ್ ಇಟ್ಟು, ಎರಡನ್ನೂ ಬಿಗಿಯೋ ಯು-ಬೋಲ್ಟ್ ಉದ್ದದ್ದು ಹಾಕಿದ್ರೆ ಆಯ್ತು, ಪಟ್ಟಿ ಮುಟ್ಟೋದೇ ಬೇಡ ಅಂತಾರೆ ನಮ್ಮ ಮೆಕ್ಯಾನಿಕ್. ಒಪ್ಪಬಹುದಾ? ಗಾಡಿಗೆ ಆಗಾಗ ಲೋಡ್ ಹಾಕುತ್ತೇನೆ.

ಉತ್ತರ: ಸಣ್ಣ ಬ್ಲಾಕ್ ಅಷ್ಟೇನೂ ಕೆಟ್ಟದ್ದಲ್ಲ. ಬಹಳಷ್ಟು ಪಿಕಪ್‌ಗಳು ಕಾರ್ಖಾನೆಯಿಂದಲೇ ಹಿಂದಿನ ಆಕ್ಸಲ್‌ಗೆ ಬ್ಲಾಕ್ ಇಟ್ಟುಕೊಂಡು ಬರುತ್ತವೆ. ಆದರೆ ಒಂದರ ಮೇಲೊಂದು ಬ್ಲಾಕ್ ಪೇರಿಸಬಾರದು. ಮುಂದಿನ ಆಕ್ಸಲ್‌ಗೆ ಬ್ಲಾಕ್ ಅಂತೂ ಕೂಡದೇ ಕೂಡದು. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಬಳಸಬಾರದು, ಒಮ್ಮೆ ಬಿಗಿದಾಗಲೇ ಅದು ಹಿಗ್ಗಿರುತ್ತದೆ.

ನೀವು ಲೋಡ್ ಹಾಕುವವರು. ಬ್ಲಾಕ್ ಎತ್ತರ ಕೊಡುತ್ತದೆಯೇ ಹೊರತು ಹೊರುವ ಶಕ್ತಿ ಕೊಡುವುದಿಲ್ಲ. ಬ್ಲಾಕ್ ಎತ್ತರವಾದಷ್ಟೂ, ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಪಟ್ಟಿ ಎಸ್ ಆಕಾರಕ್ಕೆ ಬಾಗುತ್ತದೆ, ಗಾಡಿ ಹಿಂದಿನಿಂದ ಕುಪ್ಪಳಿಸುತ್ತದೆ. ನಿಮಗೆ ಭಾರಕ್ಕೆ ತಕ್ಕ ಪೂರ್ತಿ ಹೊಸ ಪಟ್ಟಿ ಸೆಟ್ಟೇ ಒಳ್ಳೆಯದು. ಹಳೆಯ ಸೆಟ್‌ಗೆ ಒಂದು ಪಟ್ಟಿ ಸೇರಿಸುವುದು ನಡುದಾರಿ. ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಉದ್ದದ್ದು ಹಾಕಿದರೆ ಅದು ಉದ್ದವಾದ ಅರ್ಧದಷ್ಟು ಮಾತ್ರ ಗಾಡಿ ಏಳುತ್ತದೆ, ಆಕ್ಸಲ್ ಕೋನವೂ ಕೆಡುತ್ತದೆ. ಅದನ್ನು ನಾನು ಹೇಳುವುದಿಲ್ಲ. ಇನ್ನೊಂದು ಮಾತು: ಪಟ್ಟಿ ಎಷ್ಟೇ ಗಟ್ಟಿ ಹಾಕಿದರೂ ಗಾಡಿಗೆ ನಿಗದಿಯಾದ ಒಟ್ಟು ಭಾರದ ಮಿತಿ ತಾನಾಗಿ ಹೆಚ್ಚುವುದಿಲ್ಲ.

ಬಹಳ ಜನ ಮರೆಯುವ ಭಾಗ ಇನ್ನೊಂದಿದೆ. ಕೆಲವು ಪಿಕಪ್‌ಗಳಲ್ಲಿ ಚಾಸಿ ಮೇಲೆ ಒಂದು ಸಣ್ಣ ಬ್ರೇಕ್ ವಾಲ್ವ್ ಇರುತ್ತದೆ, ಅದರಿಂದ ಒಂದು ತೆಳು ಸಲಾಕೆ ಹಿಂದಿನ ಆಕ್ಸಲ್‌ಗೆ ಕೂಡಿಕೊಂಡಿರುತ್ತದೆ. ಆಕ್ಸಲ್‌ಗೂ ಚಾಸಿಗೂ ನಡುವಿನ ದೂರ ನೋಡಿ ಗಾಡಿ ಖಾಲಿಯೋ ತುಂಬಿದೆಯೋ ಅಂತ ಅದು ಲೆಕ್ಕ ಹಾಕುತ್ತದೆ. ಖಾಲಿ ಇದ್ದರೆ ಹಿಂದಿನ ಬ್ರೇಕ್‌ಗೆ ಒತ್ತಡ ಕಡಿಮೆ. ಗಾಡಿ ಎತ್ತರಿಸಿದ ಮೇಲೆ ಆ ದೂರ ಜಾಸ್ತಿಯಾಗಿರುತ್ತದೆ. ಪೂರ್ತಿ ಲೋಡ್ ಇದ್ದರೂ ವಾಲ್ವ್‌ಗೆ ಅದು ತಿಳಿಯುವುದಿಲ್ಲ, ಹಿಂದಿನ ಬ್ರೇಕ್ ಬೇಕಾದಷ್ಟು ಹಿಡಿಯುವುದಿಲ್ಲ. ಸಲಾಕೆಯ ಬುಡಕ್ಕೆ ಲಿಫ್ಟ್‌ನಷ್ಟೇ ಎತ್ತರದ ಬ್ರಾಕೆಟ್ ಹಾಕಿದರೆ ಸರಿಹೋಗುತ್ತದೆ. ಅಂಗೈಯಗಲದ ಭಾಗ ಅದು. ಗಾಡಿ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿ, ನಿಮ್ಮದರಲ್ಲಿ ಆ ಸಲಾಕೆ ಇದ್ದರೆ ಕಿಟ್ ಜೊತೆ ಬ್ರಾಕೆಟ್ ಬರುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ಹಿಂದಿನ ಬ್ರೇಕ್ ಹೋಸ್, ಎಬಿಎಸ್ ವೈರ್ ಚಕ್ರ ಪೂರ್ತಿ ಜೋತುಬಿದ್ದಾಗಲೂ ಬಿಗಿಯಾಗಬಾರದು.

ಪ್ರಶ್ನೆ: ಬಾಡಿ ಲಿಫ್ಟ್ ಅಂದರೇನು? ಅದು ಅಗ್ಗ ಅಂತಾರಲ್ಲ.

ಉತ್ತರ: ಚಾಸಿಗೂ ಬಾಡಿಗೂ ನಡುವೆ ದಪ್ಪ ಗಟ್ಟಿಗಳನ್ನಿಟ್ಟು ಬಾಡಿಯನ್ನಷ್ಟೇ ಎತ್ತುವುದು. ದೊಡ್ಡ ಟೈರ್‌ಗೆ ಜಾಗ ಸಿಗುತ್ತದೆ, ಸಸ್ಪೆನ್ಷನ್ ಕೋನಗಳು ಕೆಡುವುದಿಲ್ಲ. ಚಾಸಿ ಮಾತ್ರ ಇದ್ದಲ್ಲೇ ಇರುತ್ತದೆ. ಬಂಪರ್ ಮೇಲೆ ಬಿರುಕು ಬಿಟ್ಟಂತೆ ಸಂದು ಕಾಣುತ್ತದೆ, ಸ್ಟೀರಿಂಗ್ ಶಾಫ್ಟ್, ಡೀಸೆಲ್ ತುಂಬುವ ಪೈಪ್, ರೇಡಿಯೇಟರ್ ಫ್ಯಾನ್ ಸುತ್ತಲಿನ ಕವಚ, ಎಲ್ಲವನ್ನೂ ಹೊಂದಿಸಬೇಕು. 1 ಇಂಚಿನವರೆಗೆ ಪರವಾಗಿಲ್ಲ. 3 ಇಂಚಿನ ಬಾಡಿ ಲಿಫ್ಟ್ ಯಾರಾದರೂ ಕೊಟ್ಟರೆ ನಯವಾಗಿ ಬೇಡ ಅನ್ನಿ.

ಪ್ರಶ್ನೆ: ನನ್ನ ಗಾಡಿಗೆ ಮುಂದೆಯೂ ಸಾಲಿಡ್ ಆಕ್ಸಲ್ (ಎರಡೂ ಚಕ್ರ ಕೂಡಿಸುವ ಒಂದೇ ಗಟ್ಟಿ ಆಕ್ಸಲ್). ಲಿಫ್ಟ್ ಆದ ಮೇಲೆ ನೇರ ಹೋಗುವಾಗ ಸ್ಟೀರಿಂಗ್ ವೀಲ್ ಒಂದು ಕಡೆ ವಾಲಿದೆ, ಮುಂದಿನ ಚಕ್ರವೂ ಒಂದು ಬದಿ ಹೊರಗೆ ಬಂದ ಹಾಗೆ ಕಾಣುತ್ತೆ.

ಉತ್ತರ: ಕಣ್ಣಿನ ತಪ್ಪಲ್ಲ, ಆಕ್ಸಲ್ ನಿಜಕ್ಕೂ ಪಕ್ಕಕ್ಕೆ ಸರಿದಿದೆ. ಚಾಸಿಯಿಂದ ಆಕ್ಸಲ್‌ಗೆ ಅಡ್ಡಲಾಗಿ ಹೋಗುವ ಪ್ಯಾನಾರ್ಡ್ ರಾಡ್‌ನ ಉದ್ದ ಬದಲಾಗಿಲ್ಲ, ಚಾಸಿ ಮೇಲೇರಿತು, ಹಾಗಾಗಿ ರಾಡ್ ಆಕ್ಸಲ್ಲನ್ನು ಎಳೆದುಕೊಂಡಿತು. ಉದ್ದ ಹೊಂದಿಸಬಹುದಾದ ರಾಡ್ ಹಾಕಿ. ಆಮೇಲೆ ಸ್ಟೀರಿಂಗ್ ಲಿಂಕ್ ಮತ್ತು ಪ್ಯಾನಾರ್ಡ್ ರಾಡ್ ಎರಡೂ ಒಂದೇ ಓರೆಯಲ್ಲಿವೆಯಾ ಅಂತ ಎದುರಿನಿಂದ ಬಗ್ಗಿ ನೋಡಿ. ಓರೆ ಬೇರೆ ಬೇರೆ ಇದ್ದರೆ ಪ್ರತಿ ಉಬ್ಬಿಗೂ ಗಾಡಿ ತಾನಾಗಿ ತಿರುಗುತ್ತದೆ.

ಪ್ರಶ್ನೆ: ಎತ್ತರಿಸಿದರೆ ಪಲ್ಟಿಯಾಗುತ್ತೆ ಅಂತ ಮನೆಯಲ್ಲಿ ಹೆದರುತ್ತಾರೆ. ನಿಜಾನಾ?

ಉತ್ತರ: ಸಾಧ್ಯತೆ ಹೆಚ್ಚುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಪಲ್ಟಿ ರೇಟಿಂಗ್‌ಗೆ ಬಳಸುವ ಲೆಕ್ಕ ಸರಳ. ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಸಂಖ್ಯೆ ದೊಡ್ಡದಿದ್ದಷ್ಟೂ ಕ್ಷೇಮ. ಅಗಲ 1550, ಎತ್ತರ 700 ಮಿಲಿಮೀಟರ್ ಅಂತಿಟ್ಟುಕೊಳ್ಳಿ, ಉತ್ತರ 1.11. ಎತ್ತರ 750 ಆದರೆ 1.03. ಮೇಲಿಂದ ರೂಫ್ ಟೆಂಟ್, ನೀರಿನ ಡಬ್ಬ ಹೇರಿದರೆ ಇನ್ನೂ ಇಳಿಯುತ್ತದೆ. 2 ಇಂಚಿಗೆ ನಿಲ್ಲಿಸಿ, ಭಾರದ ಸಾಮಾನನ್ನು ಚಾವಣಿ ಮೇಲೆ ಹಾಕದೆ ಲೋಡ್ ಬಾಡಿಯ ತಳದಲ್ಲಿಡಿ. ಲಿಫ್ಟ್‌ಗೆ ನಿಮ್ಮಲ್ಲಿ ಕಾನೂನು ಎಷ್ಟು ಬಿಡುತ್ತದೆ, ವಿಮೆ ಮತ್ತು ವಾರಂಟಿ ಏನಾಗುತ್ತದೆ ಅನ್ನೋದನ್ನು ಬೋಲ್ಟ್ ಬಿಚ್ಚುವ ಮೊದಲು ಕೇಳಿ.

ಪ್ರಶ್ನೆ: 2 ಇಂಚಿನ ಕಿಟ್ ಹಾಕಿಸಿ ಕೆಲವೇ ತಿಂಗಳಾಗಿದೆ. ಲೋವರ್ ಆರ್ಮ್ ಬುಷ್ ಹರಿದಿದೆ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ತೇಲುತ್ತೆ. ನಿಂತಲ್ಲಿಂದ ಹೊರಡುವಾಗ ಕೆಳಗಡೆ ನಡುಗುತ್ತೆ. ಕಿಟ್ಟೇ ಕಳಪೆ ಅನ್ಸುತ್ತೆ.

ಉತ್ತರ: ನೀವು ಬರೆದದ್ದು ಓದಿದರೆ ಕಿಟ್‌ಗಿಂತ ಜೋಡಣೆ ಮೇಲೆ ಅನುಮಾನ ಬರುತ್ತದೆ.

ಬುಷ್ ನೋಡೋಣ. ಒಳಗೆ ಒಂದು ಕಬ್ಬಿಣದ ಕೊಳವೆ, ಹೊರಗೆ ಇನ್ನೊಂದು, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಆಡುವುದೆಲ್ಲ ರಬ್ಬರ್ ತಿರುಚುವುದರಿಂದ. ಗಾಡಿಯನ್ನು ಜಾಕ್ ಮೇಲಿಟ್ಟು, ಚಕ್ರ ಜೋತುಬಿದ್ದಿರುವಾಗಲೇ ಬಿಗಿದರೆ, ನೆಲಕ್ಕಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಿದ್ದರೂ ಬಿಡುವಿಲ್ಲ. ಹರಿಯದೆ ಇನ್ನೇನಾಗುತ್ತದೆ ಹೇಳಿ? ಹೊಸ ಬುಷ್ ಹಾಕಿಸಿ, ಬೋಲ್ಟನ್ನು ಸಡಿಲವಾಗಿಟ್ಟು, ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಎರಡು ಮೂರು ಸಲ ಬಂಪರ್ ಒತ್ತಿ ಕುಲುಕಿ, ಆಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಬೇಕು. ಹಿಂದಿನ ಪಟ್ಟಿಯ ಬುಷ್‌ಗಳಿಗೂ ಇದೇ ಕ್ರಮ.

ತೇಲುವುದಕ್ಕೆ ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷದ ಹಿಂದುಮುಂದಿನ ಓರೆ) ಕಾರಣ ಇರಬಹುದು. ತಿರುಗಿಸಿ ಬಿಟ್ಟ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಅದರಿಂದ ಬರುತ್ತದೆ. ಲಿಫ್ಟ್ ಆದಾಗ ಸಾಮಾನ್ಯವಾಗಿ ಅದು ಕಡಿಮೆಯಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿದೆ ಅಂದರೆ ಸಾಲದು, ಬರೀ ಟೋ (ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಸರಿಮಾಡಿ ಕಳಿಸುವವರೂ ಇದ್ದಾರೆ. ಕ್ಯಾಸ್ಟರ್ ಅಂಕಿ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಮಿತಿಯೊಳಗೆ ತರಲು ಆಗುತ್ತಿಲ್ಲ ಅಂದರೆ ಬೇರೆ ಅಪ್ಪರ್ ಆರ್ಮ್ ಬೇಕು.

ಹೊರಡುವಾಗಿನ ನಡುಕ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದ್ದಾಗಿರುವ ಉದ್ದ ಪಿಕಪ್‌ಗಳಲ್ಲಿ ಮಾಮೂಲು. ಹಿಂಭಾಗ ಏರಿದಾಗ ನಡುವಿನ ಬೇರಿಂಗ್ ಹತ್ತಿರದ ಕೋನ ಬದಲಾಗುತ್ತದೆ. ಆ ಬೇರಿಂಗನ್ನು ಸಣ್ಣ ಸ್ಪೇಸರ್‌ಗಳಿಂದ ಸ್ವಲ್ಪ ಕೆಳಗಿಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಡುಕ ವೇಗದ ಜೊತೆ ಏರುವಂಥದ್ದಾದರೆ ಟೈರ್ ಬ್ಯಾಲೆನ್ಸ್ ಮೊದಲು, ಆಮೇಲೆ ಆ ಶಾಫ್ಟ್‌ನ ಕೀಲುಗಳಾದ ಯೂನಿವರ್ಸಲ್ ಜಾಯಿಂಟ್ ನೋಡಿಸಿ.

ಯು-ಬೋಲ್ಟ್‌ಗಳನ್ನು ಕಿಟ್ ಹಾಕಿದ ಮೇಲೆ ಒಮ್ಮೆಯೂ ಮರುಬಿಗಿ ಮಾಡಿಸಿಲ್ಲದಿದ್ದರೆ ಇದೇ ಭೇಟಿಯಲ್ಲಿ ಮಾಡಿಸಿ, ಹೆಡ್‌ಲೈಟ್ ಮಟ್ಟವನ್ನೂ ಇಳಿಸಿಸಿ. ಗಾಡಿ ನಿಜಕ್ಕೂ ಎಷ್ಟು ಎದ್ದಿದೆ ಅಂತ ನೋಡಲು ನೆಲದಿಂದ ಅಳೆಯಬೇಡಿ, ಟೈರ್ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಹೊಸ ಸ್ಪ್ರಿಂಗ್ ಆರಂಭದಲ್ಲಿ ಸ್ವಲ್ಪ ಕೂರುತ್ತದೆ, ಆದ್ದರಿಂದ ಸಾವಿರ ಕಿಲೋಮೀಟರ್ ಆದ ಮೇಲಿನ ಅಳತೆಯನ್ನೇ ಅಲೈನ್‌ಮೆಂಟ್‌ಗೆ ನಂಬಿ.