ನಾಟಕ ಸಂಘದ ಹೊಣೆ ಬಿಡುವ ಶಿಕ್ಷಕರು ಏನೇನು ಮಾಡಬೇಕು?

ಎಂಟು ವರ್ಷ ಶಾಲೆಯ ನಾಟಕ ಸಂಘ ನೋಡಿಕೊಂಡಿದ್ದೀರಿ. ಈಗ ಮಕ್ಕಳಿಗೂ ಹೊಸಬರಿಗೂ ತೊಂದರೆಯಾಗದಂತೆ ಬಿಡುವುದು ಹೇಗೆ ಎಂದು ಕೇಳಿದ್ದೀರಿ. ಇಂಥ ಸಂಘಗಳು ಸೊರಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹಳಬರ ತಲೆಯಲ್ಲಿದ್ದದ್ದು ಕಾಗದಕ್ಕೆ ಇಳಿದಿರುವುದಿಲ್ಲ.

ವರ್ಷದ ಕೊನೆಯ ಪ್ರದರ್ಶನ ಮುಗಿದ ಮೇಲೆ, ಮುಂದಿನ ವರ್ಷದ ವೇಳಾಪಟ್ಟಿ ಹಾಕುವ ಮುಂಚೆ ಹೊಣೆ ಬಿಡುವ ವಿಷಯ ಹೇಳಿ. ಪಾತ್ರ ಹಂಚಿದ ಮೇಲೆ ಬೇಡ. ಹಾಗೆ ಮಾಡಿದರೆ ಹೊಸಬರು ನಿಮ್ಮ ನಾಟಕವನ್ನೇ ಹೇಗೋ ಎಳೆಯಬೇಕಾಗುತ್ತದೆ. ಮುಖ್ಯೋಪಾಧ್ಯಾಯರಿಗೆ ನಾಲ್ಕು ಸಾಲಿನ ಪತ್ರ ಸಾಕು: ಯಾವ ಹೊಣೆ, ಯಾವ ತಾರೀಖಿನಿಂದ ಬಿಡುತ್ತೀರಿ, ಹಸ್ತಾಂತರ ಯಾವತ್ತು ಮುಗಿಯುತ್ತದೆ. "ಸಾಧ್ಯವಾದರೆ" ಎಂಬ ಮಾತು ಅದರಲ್ಲಿ ಇರಕೂಡದು. ಅದಕ್ಕೆ ಬರುವ ಉತ್ತರ "ಇದೊಂದು ವರ್ಷ ನೋಡಿಕೊಳ್ಳಿ" ಎಂದೇ.

ಒಪ್ಪಿಗೆ ಸಿಕ್ಕ ದಿನವೇ ಮಕ್ಕಳಿಗೆಲ್ಲ ಒಟ್ಟಿಗೆ, ಎದುರಿಗೆ ಹೇಳಿ. ದೊಡ್ಡ ತರಗತಿಯವರಿಗೆ ಮೊದಲೇ ಗುಟ್ಟಾಗಿ ಹೇಳಿದರೆ ಸಂಜೆಯೊಳಗೆ ಅದು ಬೇರೆಯೇ ಕಥೆಯಾಗಿ ಚಿಕ್ಕವರ ಕಿವಿಗೆ ಬೀಳುತ್ತದೆ. ಯಾರಾದರೂ ಅತ್ತರೆ ಅಳಲಿ, ಅವಸರದಲ್ಲಿ ಸಮಾಧಾನ ಮಾಡಲು ಹೋಗಿ "ಆಗಾಗ ಬರ್ತೀನಿ" ಎಂದು ಮಾತು ಕೊಡಬೇಡಿ.

ಹೆಚ್ಚಿನ ಸಮಯ ಹಸ್ತಾಂತರಕ್ಕೆ ಇಡಿ. ಕೈಯಲ್ಲಿರುವ ದುಡ್ಡನ್ನು ಹೊಸಬರ ಎದುರಿಗೇ ಎಣಿಸಿ, ಲೆಕ್ಕದ ಪುಸ್ತಕದ ಬಾಕಿಗೆ ತಾಳೆ ನೋಡಿ, ಇಬ್ಬರೂ ತಾರೀಖು ಹಾಕಿ ಸಹಿ ಮಾಡಿ. ಕಡಿಮೆ ಬಂದರೆ ಕಡಿಮೆ ಎಂದೇ ಬರೆಯಿರಿ. ಸ್ವಂತ ಜೇಬಿನಿಂದ ತುಂಬಿಸಿದರೆ ಸುಳ್ಳು ಲೆಕ್ಕ ಮುಂದಿನವರ ಹೆಗಲಿಗೆ ಬೀಳುತ್ತದೆ.

ಸಂಘದ ಇಮೇಲ್ ನಿಮ್ಮ ಫೋನ್ ನಂಬರಿಗೆ ಜೋಡಣೆಯಾಗಿದ್ದರೆ ಮೊದಲು ರಿಕವರಿ ನಂಬರ್ ಬದಲಿಸಿ, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್ ಮಾತ್ರ ಕೊಟ್ಟರೆ ಓಟಿಪಿ ನಿಮ್ಮ ಫೋನಿಗೇ ಬರುತ್ತಿರುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೊಸಬರನ್ನು ಅಡ್ಮಿನ್ ಮಾಡಿದ ಮೇಲೆಯೇ ಹೊರಗೆ ಬನ್ನಿ.

ದೀಪದ ಸಾಮಾನನ್ನು ಬರೀ ಪಟ್ಟಿ ಮಾಡಿ ಕೈತೊಳೆದುಕೊಳ್ಳಬೇಡಿ. 1000 ವಾಟಿನ ಎರಡು ಹ್ಯಾಲೊಜೆನ್ ದೀಪ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿ 6 ಆಂಪಿಯರ್ ಸಾಕೆಟ್ಟಿಗೆ ಕೊಟ್ಟರೆ ವೈರು ಕಾಯುತ್ತದೆ, ಪ್ಲಗ್ ಕರಗಲೂಬಹುದು. ಯಾವ ಪಾಯಿಂಟಿಗೆ ಯಾವ ದೀಪ ಎಂಬುದು ನಿಮಗೆ ಕೈಗೆ ಕೂತ ಅಭ್ಯಾಸ. ಹೊಸಬರಿಗಾಗಿ ನಕ್ಷೆ ಬರೆದು ಸ್ವಿಚ್‌ಬೋರ್ಡಿನ ಪಕ್ಕ ಅಂಟಿಸಿ. ವೇಷಭೂಷಣದ ಟ್ರಂಕನ್ನೂ ತಳದವರೆಗೆ ತೆಗೆದು ನೋಡಿ. ಒದ್ದೆ ಮಡಚಿದ ಬಟ್ಟೆ ಬೂಷ್ಟು ಹಿಡಿದಿರುತ್ತದೆ; ಅವಧಿ ಮೀರಿದ ಮೇಕಪ್ ಮಕ್ಕಳ ಚರ್ಮಕ್ಕೆ ತಾಗದಿರಲಿ, ಎಸೆಯಿರಿ.

ಹೊಗೆ ಹಾಕಿದರೆ ಯಾರಿಗೆ ಉಬ್ಬಸ ಬರುತ್ತದೆ ಎಂಬಂಥದ್ದನ್ನು ಹೊಸಬರಿಗೆ ತಪ್ಪದೆ ಹೇಳಿ, ಆದರೆ ಎಲ್ಲರ ಕೈಗೆ ಸಿಗುವ ಕಡತದಲ್ಲಿ ಬರೆಯಬೇಡಿ. ಮಕ್ಕಳು ನಂಬಿ ಹೇಳಿಕೊಂಡ ಮನೆಯ ವಿಷಯ ನಿಮ್ಮಲ್ಲೇ ಇರಲಿ. ಮಗುವಿನ ಸುರಕ್ಷತೆಗೆ ಸಂಬಂಧಿಸಿದ್ದಾದರೆ ಮಾತ್ರ ಮುಖ್ಯೋಪಾಧ್ಯಾಯರಿಗೆ ತಿಳಿಸಲೇಬೇಕು.

ಒಂದು ತಾಲೀಮು ನೀವು ನಡೆಸಿ, ಹೊಸಬರು ನೋಡಲಿ. ಇನ್ನೊಂದನ್ನು ಅವರು ನಡೆಸಲಿ, ನೀವು ಹಿಂದೆ ಬಾಯಿಮುಚ್ಚಿ ಕೂತಿರಿ. ಅಲ್ಲಿಂದ ಮುಂದೆ ತಾಲೀಮಿನ ಕಡೆ ಹೋಗಬೇಡಿ. "ನೀವಿದ್ದಾಗ ಹೀಗಿರಲಿಲ್ಲ ಮಿಸ್" ಎಂದು ಮಕ್ಕಳು ಬಂದರೆ ಕೇಳಿಸಿಕೊಂಡು, "ಅದನ್ನ ಅವರಿಗೇ ಹೇಳಿ" ಎಂದು ಕಳಿಸಿ. ಅವರ ಮೊದಲ ಪ್ರದರ್ಶನಕ್ಕೆ ಹೋಗಿ ಪ್ರೇಕ್ಷಕರ ಸಾಲಿನಲ್ಲಿ ಕೂತು ನೋಡಿ. ಮುಗಿಯುವ ತನಕ ಪರದೆಯ ಹಿಂದೆ ಕಾಲಿಡಬೇಡಿ.