ಟರ್ಕಿಯೋ ತುರ್ಕಿಯೆಯೋ: ಹೊಸದಾಗಿ ಬರುವವರಿಗೆ

ನಮಸ್ಕಾರ. ಮುಂದಿನ ತಿಂಗಳು ಇಸ್ತಾಂಬುಲ್‌ಗೆ ಕೆಲಸಕ್ಕೆ ಬರುತ್ತಿದ್ದೀರಿ. ಆಫರ್ ಲೆಟರಿನಲ್ಲಿ ‘ತುರ್ಕಿಯೆ’ ಎಂದಿದೆ, ಮೊದಲು ಮಾಡಿಸಿಟ್ಟ ಕಾಗದಗಳಲ್ಲಿ ‘ಟರ್ಕಿ’ ಎಂದಿದೆ. ಇದರಿಂದ ತೊಂದರೆ ಆದೀತೇ, ಟರ್ಕಿ ಅಂದರೆ ಅಲ್ಲಿಯವರು ಬೇಸರ ಮಾಡಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ಹಳೇ ಕಾಗದ ಹಾಗೇ ಇರಲಿ, ಹೆಸರು ತಿದ್ದಿಸಲು ದುಡ್ಡು ಕೊಡಬೇಡಿ. ಮಾತಿನಲ್ಲಿ ಮಾತ್ರ ತುರ್ಕಿಯೆ ಎನ್ನುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಿ.

ಇಲ್ಲಿಯವರ ಬಾಯಲ್ಲಿ ಹೆಸರು ಬದಲಾಗಿಯೇ ಇಲ್ಲ. 1923ರಲ್ಲಿ ಗಣರಾಜ್ಯವಾದಾಗಲೇ ಅದರ ಹೆಸರು ‘ತುರ್ಕಿಯೆ ಜುಮ್ಹುರಿಯೆತಿ’. ಟರ್ಕಿ ಎಂಬುದು ಇಂಗ್ಲಿಷರ ರೂಪ. 2021ರ ಡಿಸೆಂಬರಿನಲ್ಲಿ ಅಧ್ಯಕ್ಷ ಎರ್ದೊಆನ್ ಸುತ್ತೋಲೆ ಹೊರಡಿಸಿ, ಬೇರೆ ಭಾಷೆಗಳಲ್ಲೂ ತುರ್ಕಿಯೆ ಎಂದೇ ಬರೆಯಬೇಕು, ರಫ್ತು ಸಾಮಾನಿನ ಮೇಲೂ ಅದೇ ಹೆಸರು ಇರಬೇಕು ಎಂದರು. 2022ರ ಜೂನ್‌ನಲ್ಲಿ ವಿದೇಶಾಂಗ ಸಚಿವರ ಪತ್ರ ತಲುಪಿದ ಕೂಡಲೇ ವಿಶ್ವಸಂಸ್ಥೆ ಒಪ್ಪಿತು. ಅಮೆರಿಕದ ವಿದೇಶಾಂಗ ಇಲಾಖೆ 2023ರ ಜನವರಿಯಲ್ಲಿ ತನ್ನ ಬರವಣಿಗೆ ಬದಲಿಸಿತು. ನಾವು ಮನೆಯಲ್ಲಿ ಬೆಂಗಳೂರು ಎನ್ನುತ್ತಲೇ ಇದ್ದು, 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹಾಗೇ ಬರೆಯಿರಿ ಎಂದೆವಲ್ಲ, ಇದೂ ಅದೇ ಬಗೆಯದು. ವಿಮಾನದ ಟಿಕೆಟ್ಟಿನಲ್ಲಿ ಬೆಂಗಳೂರಿನ ಗುರುತು ಇಂದಿಗೂ ಬಿಎಲ್‌ಆರ್ ಆಗಿರುವಂತೆ ಇಲ್ಲಿಯೂ ಸಂಕೇತಗಳು ಹಳೆಯವೇ: ದೇಶಕ್ಕೆ ಟಿಆರ್ ಮತ್ತು ಟಿಯುಆರ್, ಲಿರಾಕ್ಕೆ ಟಿಆರ್‌ವೈ, ಫೋನಿಗೆ 90. ಬ್ಯಾಂಕಿನ ಐಬಿಎಎನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೂಡ ಟಿಆರ್‌ನಿಂದಲೇ ಶುರುವಾಗುತ್ತದೆ, ಒಟ್ಟು 26 ಅಕ್ಷರ-ಅಂಕಿ.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಇಲ್ಲಿಯ ‘ತ’ ನಮ್ಮ ತ-ದಂತೆ ಹಲ್ಲಿಗೆ ತಾಗುವುದು, ಟ ಅಲ್ಲ. ನಮ್ಮ ಹಿರಿಯರು ಹೇಳುತ್ತಿದ್ದ ತುರ್ಕಿ ಇಂಗ್ಲಿಷಿನ ಟರ್ಕಿಗಿಂತ ಮೂಲಕ್ಕೆ ಹತ್ತಿರ. ಕೊನೆಗೆ ‘ಯೆ’ ಸೇರಿಸಿ, ಮೂರು ಭಾಗವಾಗಿ ಹೇಳಿ: ತುರ್-ಕಿ-ಯೆ. ಮೊದಲ ಸ್ವರ ಸರಿಬರಬೇಕೆಂದರೆ ‘ಉ’ ಹೇಳುವಂತೆ ತುಟಿ ದುಂಡಗೆ ಮಾಡಿ, ಒಳಗೆ ‘ಇ’ ಹೇಳಿ. ಸಾಮಾನ್ಯ ‘ಉ’ ಬಂದರೂ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಮಾತಾಡುವಾಗ ಟರ್ಕಿ ಎಂದು ಬಾಯಿ ತಪ್ಪಿದರೆ ಜಗಳವೇನೂ ಆಗುವುದಿಲ್ಲ. ಎಷ್ಟೋ ಇಂಗ್ಲಿಷ್ ಪತ್ರಿಕೆಗಳು ಇಂದಿಗೂ ಹಾಗೇ ಬರೆಯುತ್ತವೆ. ಆದರೆ ಸರ್ಕಾರಿ ಕಚೇರಿ, ಒಪ್ಪಂದ, ಸರಕಿನ ಲೇಬಲ್ಲು, ಇವುಗಳಲ್ಲಿ ಹೊಸ ರೂಪವೇ ಇರಲಿ. ಇಂಗ್ಲಿಷಿನ ವಿಶೇಷಣ ಮಾತ್ರ ಬದಲಾಗಿಲ್ಲ: ಟರ್ಕಿಶ್ ಭಾಷೆ, ಟರ್ಕಿಶ್ ಲಿರಾ ಎಂದೇ ಬರೆಯಬೇಕು.

ತೊಡಕು ಬರುವುದು ಆನ್‌ಲೈನ್ ಅರ್ಜಿಗಳಲ್ಲಿ. ಹೊಸ ಹೆಸರಿನ ‘ಯು’ ಅಕ್ಷರದ ಮೇಲೆ ಎರಡು ಚುಕ್ಕಿ ಇದೆ. ಕೆಲವು ತಂತ್ರಾಂಶಗಳು ಆ ಅಕ್ಷರವನ್ನು ‘ಝಡ್’ ಆದಮೇಲೆ ಎಣಿಸುತ್ತವೆ, ಹಾಗಾಗಿ ದೇಶಗಳ ಪಟ್ಟಿಯಲ್ಲಿ ತುರ್ಕಿಯೆ ಟುವಾಲು ದಾಟಿ ಟಿ ಸಾಲಿನ ಕೊನೆಗೆ ಹೋಗಿ ಕೂತಿರುತ್ತದೆ. ಮೊದಲ ನೋಟಕ್ಕೆ ಸಿಗದಿದ್ದರೆ ಅಲ್ಲಿ ಹುಡುಕಿ. ಹಳೇ ಹೆಸರೊಂದೇ ಇದ್ದರೆ ಅದನ್ನೇ ಆರಿಸಿ, ಒಳಗೆ ದಾಖಲಾಗುವುದು ಅದೇ ದೇಶವೇ. ಚುಕ್ಕಿಯ ಅಕ್ಷರ ಬೇಕಾದರೆ ಫೋನಿನಲ್ಲಿ ‘ಯು’ ಒತ್ತಿ ಹಿಡಿಯಿರಿ, ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಕೊಂಡು ಅಂಕಿಗಳ ಭಾಗದಲ್ಲಿ 0252. ಅರ್ಜಿ ಅದನ್ನು ಒಪ್ಪದಿದ್ದರೆ ಚುಕ್ಕಿಯಿಲ್ಲದೆ ಬರೆಯಿರಿ.

ಭಾರತದ ಪ್ರಮಾಣಪತ್ರಗಳಿಗೆ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ, ಮಾಡಿಸಿ ತಂದರೆ, ಇಲ್ಲಿ ಪ್ರಮಾಣಿತ ಅನುವಾದಕರು ತುರ್ಕಿ ಭಾಷೆಗೆ ತಿರುಗಿಸಿ ನೋಟರಿ ಮುದ್ರೆ ಹಾಕಿಸುತ್ತಾರೆ. ನಿಜವಾದ ಎಚ್ಚರ ಬೇಕಾದದ್ದು ಈ ಹಂತದಲ್ಲಿ, ಅದೂ ನಮ್ಮ ಊರಿನ ಹೆಸರಿನ ಬಗ್ಗೆ. ಜನನ ಪತ್ರದಲ್ಲಿ ಬ್ಯಾಂಗಲೋರ್, ಪಾಸ್‌ಪೋರ್ಟಿನಲ್ಲಿ ಬೆಂಗಳೂರು ಎಂದಿದ್ದರೆ ಕಚೇರಿಯವರಿಗೆ ಅವು ಎರಡು ಬೇರೆ ಊರುಗಳಂತೆ ಕಾಣಬಹುದು. ಎರಡೂ ಒಂದೇ ಎಂದು ಅನುವಾದಕರಿಗೆ ಮೊದಲೇ ತಿಳಿಸಿ, ಆದರೆ ಅನುವಾದದಲ್ಲಿ ಮೂಲದಲ್ಲಿರುವ ಹೆಸರನ್ನೇ ಉಳಿಸಲು ಹೇಳಿ.

ಇಲ್ಲಿಯ ಪಟ್ಟಿಗಳಲ್ಲಿ ನಮ್ಮ ದೇಶ ‘ಐ’ನಲ್ಲಿ ಸಿಗುವುದಿಲ್ಲ, ‘ಹಿಂದಿಸ್ತಾನ್’ ಎಂದು ‘ಎಚ್’ನಲ್ಲಿದೆ. ಹೆಸರು ಬದಲಿಸಲು ಟರ್ಕಿ ಕೋಳಿಯೂ ಒಂದು ಕಾರಣ ಎಂದು ಕೇಳಿರುತ್ತೀರಿ. ಇಂಗ್ಲಿಷಿನಲ್ಲಿ ಆ ಪದಕ್ಕೆ ಪೆದ್ದ, ಸೋತುಹೋದ ನಾಟಕ ಎಂಬ ಅರ್ಥವೂ ಇರುವುದರಿಂದ ಆ ಬೇಸರ ನ್ಯಾಯವಾದದ್ದೇ. ಆದರೆ ದೇಶಕ್ಕೆ ಹಕ್ಕಿಯ ಹೆಸರು ಬಂದದ್ದಲ್ಲ. ತುರ್ಕರ ನಾಡಿನ ಮೂಲಕ ಬರುತ್ತಿದ್ದ ಆಫ್ರಿಕಾದ ಗಿನಿ ಕೋಳಿಗೆ ಆ ಹೆಸರು ಬಿದ್ದು, ಆಮೇಲೆ ಅಮೆರಿಕದ ಹಕ್ಕಿಗೂ ಅಂಟಿತು. ತುರ್ಕಿ ಭಾಷೆಯಲ್ಲಿ ಅದೇ ಕೋಳಿಗೆ ‘ಹಿಂದಿ’ ಎನ್ನುತ್ತಾರೆ, ಅಂದರೆ ನಮ್ಮ ಕಡೆಯದು! ಆದ್ದರಿಂದ ನಿಮಗೆ ಬರುವ ಭಾಷೆ ಹಿಂದಿ ಎಂದರೆ ಅವರಿಗೆ ಕೋಳಿಯೇ ಕೇಳಿಸುತ್ತದೆ. ಭಾಷೆಗೆ ‘ಹಿಂತ್ಚೆ’, ಭಾರತೀಯರಿಗೆ ‘ಹಿಂತ್ಲಿ’ ಎನ್ನಿ. ತೆಂಗಿನಕಾಯಿಗೆ ‘ಹಿಂದಿಸ್ತಾನ್ ಜೆವಿಜಿ’, ಹಿಂದಿಸ್ತಾನದ ಕಾಯಿ ಎಂದರ್ಥ. ಆ ಹೆಸರಿಗೆ ಮೊದಲು ‘ಕುಚುಕ್’, ಅಂದರೆ ಚಿಕ್ಕದು, ಎಂದು ಬರೆದಿದ್ದರೆ ಅದು ಜಾಯಿಕಾಯಿ. ಒಗ್ಗರಣೆಗೆ ಕೊಬ್ಬರಿ ಎಣ್ಣೆ ಬೇಕಾದಾಗ ಸೀಸೆಯ ಮೇಲೆ ‘ಜೆವಿಜಿ’ ಎಂಬ ಪದ ಇದೆಯೇ ನೋಡಿ. ಬರೀ ‘ಹಿಂತ್’ ಎಣ್ಣೆ ಎಂದಿದ್ದರೆ ಅದು ಹರಳೆಣ್ಣೆ.