ಚರಿತ್ರೆಯ ದಿನ, ಪ್ರೇಮದ ಕತೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಹಾವೇರಿಯ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಮತ್ತು ಕಾದಂಬರಿಯ ಮೊದಲ ಅಧ್ಯಾಯ ತಲುಪಿವೆ. ‘ಪ್ರೇಮಕತೆ ಬರೆಯುವವರಿಗೆ ಇತಿಹಾಸದ ಉಸಾಬರಿ ಯಾಕೆ ಎಂದು ಮನೆಯವರೇ ನಗುತ್ತಾರೆ. ನನ್ನ ನಾಯಕ ನಾಯಕಿ 1956ರ ನವೆಂಬರ್ 1ರಂದು ಹುಬ್ಬಳ್ಳಿಯ ಮೆರವಣಿಗೆಯಲ್ಲಿ ಭೇಟಿಯಾಗುತ್ತಾರೆ. ಇದು ರಾಜ್ಯೋತ್ಸವ ವಿಶೇಷಾಂಕಕ್ಕೆ ನಡೆದೀತೆ?’ ಎಂದು ಕೇಳಿದ್ದೀರಿ. ನಡೆದೀತು. ಆದರೆ ಈಗಿರುವಂತೆ ಅಲ್ಲ.

ನಿಮ್ಮ ಮೆರವಣಿಗೆಯಲ್ಲಿ ಹಳದಿ–ಕೆಂಪು ಬಾವುಟಗಳಿವೆ. ಮ. ರಾಮಮೂರ್ತಿಯವರು ಆ ಬಾವುಟ ರೂಪಿಸಿದ್ದು 1960ರ ದಶಕದಲ್ಲಿ, ಹಾಗಾಗಿ ಅದನ್ನು ತೆಗೆಯಿರಿ. ಜನ ‘ಕರ್ನಾಟಕ ರಾಜ್ಯ ಹುಟ್ಟಿತು’ ಎಂದು ಕೂಗುತ್ತಾರೆ. ಆ ದಿನ ಹುಟ್ಟಿದ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಇದನ್ನು ಬರೀ ತಪ್ಪು ಎಂದು ತಿದ್ದಿ ಮುಂದೆ ಹೋಗಬೇಡಿ. ಬೇಡಿದ್ದು ಸಿಕ್ಕೂ ಬೇಡಿದ ಹೆಸರು ಸಿಗಲಿಲ್ಲ ಎಂಬ ಕಸಿವಿಸಿ ಪ್ರೇಮಕತೆಗೆ ಹೇಳಿ ಮಾಡಿಸಿದ್ದು. ನಾಯಕಿಯ ತಂದೆಯನ್ನು ಕನ್ನಡ ಪ್ರದೇಶಗಳ ಏಕೀಕರಣಕ್ಕೆ ಓಡಾಡಿದವರನ್ನಾಗಿ ಮಾಡಿ, ಆ ದಿನ ಅವರು ಮನೆಯಲ್ಲಿ ಸಿಡಿಮಿಡಿಗೊಂಡು ಕೂತಿರಲಿ. ಹಾಡಿಸುವುದಾದರೆ ಗದಗಿನ ಹುಯಿಲಗೋಳ ನಾರಾಯಣರಾಯರ ಏಕೀಕರಣದ ಹಾಡು ಹಾಡಿಸಿ. ಅದು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲೇ ಕೇಳಿಬಂದ ಹಾಡು.

ಸಂಜೆ ಉಣಕಲ್ ಕೆರೆಯ ದಂಡೆಯ ಮೇಲೆ ಹುಣ್ಣಿಮೆಯ ಬೆಳದಿಂಗಳು ಹರಿಸಿದ್ದೀರಿ. ಆ ದಿನ ಗುರುವಾರ, ಮರುದಿನ ದೀಪಾವಳಿ ಅಮಾವಾಸ್ಯೆ. ಕೆರೆಯ ಮೇಲೆ ಕತ್ತಲೆ ಬಿಟ್ಟರೆ ಬೇರೇನೂ ಇರದು. ಚಂದ್ರನನ್ನು ಬಿಟ್ಟು ಮನೆಮುಂದಿನ ಪಣತಿಗಳನ್ನು ಹಿಡಿಯಿರಿ. ನಾಯಕ ‘ಐವತ್ತು ಪೈಸೆ’ಗೆ ಮಲ್ಲಿಗೆ ಕೊಳ್ಳುತ್ತಾನೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ. ನಿಮ್ಮ ಲೆಕ್ಕಕ್ಕೆ ಎಂಟಾಣೆ ಆಗುತ್ತದೆ. ಒಂದು ಮೊಳ ಹೂವಿಗೆ ಎಂಟಾಣೆ ಕೊಡುವ ಹುಡುಗನನ್ನು ಕಂಡರೆ ಹುಡುಗಿಯ ತಾಯಿ ಸಂಬಂಧವೇ ಬೇಡ ಎಂದಾಳು! ಮಲ್ಲಿಗೆಯ ಸುಗ್ಗಿ ಬೇಸಿಗೆಗೆ, ದೀಪಾವಳಿಗೆ ನಮ್ಮ ಕಡೆ ಶಾವಂತಿಗೆ.

ಇನ್ನು ನಾಯಕಿಗೆ ಬರುವ ಪತ್ರ. ವಿಳಾಸದಲ್ಲಿ ‘ಹಾವೇರಿ ಜಿಲ್ಲೆ’ ಎಂದಿದೆ, ಪಿನ್ ಕೋಡೂ ಇದೆ. ಪಿನ್ ಬಂದದ್ದು 1972ರಲ್ಲಿ, ಹಾವೇರಿ ಮತ್ತು ಗದಗ ಜಿಲ್ಲೆಗಳಾದದ್ದು 1997ರಲ್ಲಿ. ಆಗಿನ ಲಕೋಟೆಯ ಮೇಲೆ ಬರೀ ‘ಹಾವೇರಿ, ಜಿಲ್ಲಾ ಧಾರವಾಡ’.

ಇವೆಲ್ಲ ಅರ್ಧ ದಿನದ ತಿದ್ದುಪಡಿ. ನನ್ನ ದೊಡ್ಡ ತಕರಾರು ಬೇರೆ. ನಿಮ್ಮ ಅಧ್ಯಾಯದಲ್ಲಿ ನವೆಂಬರ್ 1 ಬರೀ ತೋರಣ. ಅದರ ಬದಲು ಊರ ಜಾತ್ರೆ ಇಟ್ಟರೂ ಇವರು ಭೇಟಿಯಾಗುತ್ತಿದ್ದರು. ನಾಯಕನನ್ನು ಮುಂಬಯಿ ಸಚಿವಾಲಯದ ಗುಮಾಸ್ತನನ್ನಾಗಿ ಮಾಡಿ ನೋಡಿ. ಅಕ್ಟೋಬರ್ 31ರವರೆಗೆ ಧಾರವಾಡ ಮುಂಬಯಿ ರಾಜ್ಯದ್ದು. ರಾಜ್ಯ ಒಡೆದಾಗ ನೌಕರರನ್ನೂ ಹಂಚಿದರು, ಕನ್ನಡದ ಗುಮಾಸ್ತರು ಮೈಸೂರಿನ ಪಾಲಿಗೆ ಬಂದರು. ಹುಡುಗಿಯ ಮನೆಯವರು ಮುಂಬಯಿಯಲ್ಲೇ ನೆಲೆನಿಂತವರಾದರೆ, ಊರೆಲ್ಲ ಪಟಾಕಿ ಹೊಡೆಯುವ ದಿನವೇ ಈ ಇಬ್ಬರ ನಡುವೆ ಗಡಿ ಬೀಳುತ್ತದೆ.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಕ್ಯಾಲೆಂಡರಿನಲ್ಲಿ ಹಬ್ಬವೆಂದು ಗುರುತಿಲ್ಲದ ದಿನ ಹಿಡಿಯಿರಿ. 1953ರ ಮಾರ್ಚ್ ಕೊನೆಗೆ ಅದರಗುಂಚಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಏಪ್ರಿಲ್ 19, ಭಾನುವಾರ, ಹುಬ್ಬಳ್ಳಿಯಲ್ಲಿ ಗಲಭೆಯೆದ್ದಿತು. ನಾಯಕಿ ಧಾರವಾಡದಲ್ಲಿ, ನಾಯಕ ಹುಬ್ಬಳ್ಳಿಯಲ್ಲಿ, ನಡುವೆ ಬರೀ ಇಪ್ಪತ್ತು ಕಿಲೋಮೀಟರ್. ‘ಇದು ಐತಿಹಾಸಿಕ ದಿನ’ ಎಂದು ಅವಳ ಬಾಯಲ್ಲಿ ಹೇಳಿಸಬೇಡಿ. ಅದು ಅವಳಿಗೆ ಗೊತ್ತಿಲ್ಲ. ‘ಹುಬ್ಬಳ್ಳ್ಯಾಗ ಗದ್ಲ ಆಗೇತಂತ, ಮೋಟಾರು ಬಿಡ್ತಾರೋ ಇಲ್ಲೋ’ ಎಂದರೆ ಸಾಕು. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲೇ ಶುರುವಾಗಿತ್ತು, ಪಕ್ಕದ ಮನೆಯ ರೇಡಿಯೋ ಮುಂದೆ ಅವಳನ್ನು ನಿಲ್ಲಿಸಬಹುದು.

ಮುಂದಿನ ಭಾಗಕ್ಕೆ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಸಂಗಡಿಗನೊಬ್ಬನಿಗೆ ಪ್ರೇಮ ಕಟ್ಟುವ ಯೋಚನೆ ಹೇಳಿದ್ದೀರಿ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವಿದ್ದ ಗುಡಿಯ ಮೇಲೆ ದಾಳಿ ಮಾಡಿದಾಗ ಅವರ ಜೊತೆ ಸತ್ತ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ನಿಜದ ಮನುಷ್ಯರು. ಅವರಿಗೆ ಇಲ್ಲದ ಪ್ರೇಯಸಿಯನ್ನು ಅಂಟಿಸುವುದು ಬೇಡ. ಹಣ ಎಣಿಸಿಟ್ಟ ಶಾನುಭೋಗನ ಮಗಳೋ, ಮರುದಿನ ಸುದ್ದಿ ಹೊತ್ತ ಗಾಡಿಯವನೋ ನಿಮ್ಮ ಕಲ್ಪನೆಯವರಾಗಿರಲಿ.

ಹುಡುಕುವ ಬಗೆ ಕೇಳಿದ್ದೀರಿ. ಗ್ರಂಥಾಲಯದಲ್ಲಿ ಆಯಾ ತಿಂಗಳ ‘ಸಂಯುಕ್ತ ಕರ್ನಾಟಕ’ ಸಿಕ್ಕರೆ ಆ ದಿನದ ಹಿಂದೊಂದು ವಾರ, ಮುಂದೊಂದು ವಾರ ಓದಿ. ಇವತ್ತಿನ ಪತ್ರಿಕೆಯಲ್ಲಿರುವುದು ನಿನ್ನೆಯ ಸುದ್ದಿ. ಇದನ್ನು ಮರೆತವರ ಕತೆಯಲ್ಲಿ ಎಲ್ಲವೂ ಒಂದು ದಿನ ತಡವಾಗಿ ನಡೆಯುತ್ತದೆ. ಮುಖಪುಟಕ್ಕಿಂತ ಜಾಹೀರಾತು, ಪೇಟೆ ಧಾರಣೆ, ಸಿನಿಮಾ ಪಟ್ಟಿ ನಿಮಗೆ ಹೆಚ್ಚು ಉಪಯೋಗ. ಜೊತೆಗೆ ಆ ವರ್ಷದ ಪಂಚಾಂಗ ಇರಲಿ. ಬಸವ ಜಯಂತಿ, ಕನಕ ಜಯಂತಿ ತಿಥಿಯ ಮೇಲೆ ಬರುತ್ತವೆ, ಗಾಂಧಿ ಜಯಂತಿ ತಾರೀಖಿನ ಮೇಲೆ. ಬಸವ ಜಯಂತಿಯಂದು ಮದುವೆಯಾದ ನಿಮ್ಮ ಜೋಡಿ ಪ್ರತಿ ವರ್ಷ ‘ಅದೇ ತಾರೀಖು, ಅದೇ ಜಯಂತಿ’ ಎನ್ನುವಂತಿಲ್ಲ. ಅಜ್ಜಿಯ ಕಾಲಕ್ಕೆ, 1900ರ ಆಸುಪಾಸಿಗೆ, ಬಸವ ಜಯಂತಿಯ ಮೆರವಣಿಗೆಯನ್ನೂ ಒಯ್ಯಬೇಡಿ. ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಆ ಆಚರಣೆ ಶುರುಮಾಡಿದ್ದು 1913ರಲ್ಲಿ.

ತಿದ್ದಿದ ಅಧ್ಯಾಯ ಕಳಿಸುವಾಗ ಪ್ರತಿ ದೃಶ್ಯದ ಪಕ್ಕದ ಅಂಚಿನಲ್ಲಿ ತಾರೀಖು, ವಾರ, ತಿಥಿ ಪೆನ್ಸಿಲಿನಲ್ಲಿ ಬರೆದಿರಿ. ಅಚ್ಚಿಗೆ ಹೋಗುವ ಮುಂಚೆ ನಾವೇ ಅಳಿಸಿಕೊಳ್ಳುತ್ತೇವೆ. ವಿಶೇಷಾಂಕಕ್ಕೆ ಸೇರಬೇಕಾದರೆ ಅದು ದಸರೆಗೆ ಮುಂಚೆ ನಮ್ಮ ಕೈಸೇರಬೇಕು.

– ಸಂಪಾದಕ